ಫೈಬರ್ ಮಳೆಮಾಪಕ: ಕೆಲವು ಮಳೆಗಾಲ ಬಳಸಿದ ಮೇಲೆ

ಪುಣೆ ಪಕ್ಕದ ಚಿಂಚವಾಡದ ಫ್ಲ್ಯಾಟಿನಲ್ಲಿ ಇರುವವರಿಗೆ ಮಳೆಮಾಪಕ ಯಾಕೆ ಅಂತ ಮನೆಯಲ್ಲೇ ಕೇಳಿದರು. ನಮ್ಮ ಹೊಲ ಇರುವುದು ಇಂಡಿ ತಾಲೂಕಿನಲ್ಲಿ. ಇಲ್ಲಿನ ನಮ್ಮ ಕನ್ನಡದ ಗೆಳೆಯರಲ್ಲಿ ಕೆಲವರ ಊರು ಮಹಾರಾಷ್ಟ್ರದ ಗಡಿಯ ಜತ್ತ, ಕೆಲವರದು ಅಕ್ಕಲಕೋಟ. ಎಲ್ಲರದೂ ಮಳೆ ನಂಬಿದ ಹೊಲವೇ. ಊರಿಗೆ ಫೋನ್ ಮಾಡಿ "ಕಾಕಾ, ಮಳೆ ಹೆಂಗದ?" ಅಂದರೆ "ಚಲೋ ಆಗ್ಯಾದ" ಅನ್ನುತ್ತಾರೆ. ಚಲೋ ಅಂದರೆ ಎಷ್ಟು? ಅದಕ್ಕೇ ಎಲ್ಲರೂ ಸೇರಿ ಒಂದೇ ಥರದ ಮಾಪಕ ಕೊಂಡು ಊರೂರಿಗೆ ಕಳಿಸಿದೆವು. ಇಲ್ಲಿ ಟೆರೇಸಿನಲ್ಲೂ ಒಂದಿದೆ, ಸುಮ್ನೆ ಕಲಿಯಲಿಕ್ಕೆ. ಅಲ್ಲಿ ಗಾಳಿ ಜಾಸ್ತಿ, ಹಾಗಾಗಿ ಅದರ ಅಂಕಿ ಲೆಕ್ಕಕ್ಕಿಲ್ಲ.

ಮಾಪಕದ ಬಾಯಿ 100 ಚದರ ಸೆಂ.ಮೀ. ಮೇಲೆ ಆಲಿಕೆ, ಒಳಗೆ ಬಾಟಲಿ, ಅಳೆಯಲು ಬೇರೆ ಜಾಡಿ. ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ ಮಟ್ಟಸವಾಗಿರಬೇಕು. ಪಕ್ಕದ ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಇಡಬೇಕು. ಹವಾಮಾನ ಇಲಾಖೆಯವರ ಹಾಗೆ ಬೆಳಿಗ್ಗೆ 8.30ಕ್ಕೆ ಓದುತ್ತೇವೆ.

ಡಬ್ಬಿ ಗಟ್ಟಿ. ಬಿಸಿಲಿಗೆ ಬಣ್ಣ ಹೋಗಿದೆ, ಸೀಳಿಲ್ಲ. ಆಲಿಕೆಗೆ ಇರುವೆ, ಕಸ ಸಿಕ್ಕಿಕೊಳ್ಳುತ್ತವೆ, ಆಗಾಗ ತೊಳೆಯಬೇಕು. ನಿಜವಾದ ತಲೆನೋವು ಜಾಡಿ. ಗೆರೆ ಅಳಿಸಿಹೋಗುತ್ತವೆ, ಕೈಜಾರಿದರೆ ಒಡೆಯುತ್ತದೆ. ಅಂಗಡಿಯವರು ಜಾಡಿ ಬಿಡಿಯಾಗಿ ಕೊಡಲ್ಲ, ಪೂರ್ತಿ ಸೆಟ್ ತಗೊಳ್ಳಿ ಅಂತಾರೆ. ಬೇಕಿಲ್ಲ ಬಿಡಿ. ಈ ಅಳತೆಯ ಬಾಯಿಗೆ 10 ಮಿ.ಲೀ. ನೀರು ಅಂದರೆ 1 ಮಿ.ಮೀ. ಮಳೆ. ಮೆಡಿಕಲ್ ಅಂಗಡಿಯ ಮಿ.ಲೀ. ಗುರುತಿನ ಕಪ್ ಸಾಕು. ಬಾಯಿ 200 ಚದರ ಸೆಂ.ಮೀ. ಇದ್ದರೆ 20 ಮಿ.ಲೀ.ಗೆ 1 ಮಿ.ಮೀ. ಆಗುತ್ತದೆ, ನೋಡಿಕೊಳ್ಳಿ.

ಒಂದೇ ಹೊಲದ ಅಂಕಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಎಲ್ಲರೂ ವಾಟ್ಸಾಪಿನಲ್ಲಿ ಹಾಕತೊಡಗಿದ ಮೇಲೆ ರುಚಿ ಹತ್ತಿತು. ನಮ್ಮ ಊರಲ್ಲೇ ಹಳ್ಳದ ಆಚೆ 30 ಮಿ.ಮೀ. ಬಿದ್ದ ದಿನ ಈಚೆ ನೆಲ ನೆನೆದಿರಲಿಲ್ಲ. ಕರ್ನಾಟಕದಲ್ಲಿ ಪಂಚಾಯ್ತಿ ಮಟ್ಟದಲ್ಲಿ ಸರ್ಕಾರದ ಮಾಪಕಗಳಿವೆ, ನಿಜ. ಅವು ಹಳ್ಳದ ಯಾವ ಕಡೆ ಇವೆಯೋ ಆ ಕಡೆಯ ಮಳೆಯನ್ನಷ್ಟೇ ಹೇಳುತ್ತವೆ, ಅಲ್ವಾ?

ನಮ್ಮದು ಒಂದೇ ಕಟ್ಟುನಿಟ್ಟು. ಮಳೆ ಇಲ್ಲದ ದಿನ 0 ಅಂತ ಹಾಕಲೇಬೇಕು. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ನೋಡಲಿಕ್ಕೆ ಹೋಗಲಿಲ್ಲವೋ ಗೊತ್ತಾಗಲ್ಲ. ಯಾವಾಗಲೂ 10, 20, 30 ಅಂತ ದುಂಡಗಿನ ಅಂಕಿ ಕಳಿಸುವವರೂ ಇದ್ದಾರೆ. ಅವರು ಕಟ್ಟೆ ಮೇಲೆ ಕೂತೇ ಅಳೆಯುತ್ತಾರೆ ಅಂತ ಎಲ್ಲರಿಗೂ ಗೊತ್ತು!

ಆಮೇಲೆ ಬಾವಿಯ ನೀರಿನ ಮಟ್ಟವನ್ನೂ ಸೇರಿಸಿದೆವು. ಗಂಟು ಹಾಕಿದ ಹಗ್ಗ, ತುದಿಗೆ ಕಲ್ಲು. ಅಮವಾಸ್ಯೆಗೆ ಹೇಗೂ ಎತ್ತು ಹೂಡುವುದಿಲ್ಲ, ಅವತ್ತೇ ಅಳೆಯುವುದು. 1 ಮಿ.ಮೀ. ಮಳೆ ಅಂದರೆ ಒಂದು ಎಕರೆಗೆ ಸುಮಾರು 4,000 ಲೀಟರ್ ನೀರು. 10 ಮಿ.ಮೀ. ಬಿದ್ದರೆ 10,000 ಲೀಟರಿನ ನಾಲ್ಕು ಟ್ಯಾಂಕರ್. ಹೀಗೆ ಹೇಳಿದ ಮೇಲೆ ಕಾಕಾ ಬದು ಸರಿಮಾಡಿಸಿದರು. ಅದಕ್ಕೆ ಮೊದಲು ನಾನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಇದು ನಮ್ಮ ತಲೆಯಿಂದ ಬಂದ ಯೋಚನೆಯಲ್ಲ. ಅಹಮದ್‌ನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಜಾರಿನಲ್ಲಿ ಪ್ರತಿ ವರ್ಷ ಮಳೆ ಅಳೆದು, ಗ್ರಾಮಸಭೆಯಲ್ಲಿ ನೀರಿನ ಲೆಕ್ಕ ಇಡುತ್ತಾರೆ. ಜನ, ದನಗಳಿಗೆ ಕುಡಿಯುವ ನೀರು ಮೊದಲು. ಉಳಿದದ್ದನ್ನು ನೋಡಿ ಬೆಳೆ. ಬೇಸಾಯಕ್ಕೆ ಬೋರ್‌ವೆಲ್ ಕೊರೆಯುವ ಹಾಗಿಲ್ಲ, ಕಬ್ಬು, ಬಾಳೆಯನ್ನೂ ಬೆಳೆಯುವ ಹಾಗಿಲ್ಲ. ಪೋಪಟರಾವ್ ಪವಾರ್ ಅಲ್ಲಿ ಸರಪಂಚರಾಗಿ ಇದನ್ನೆಲ್ಲ ಕಟ್ಟಿದರು, 2020ರಲ್ಲಿ ಪದ್ಮಶ್ರೀ ಸಿಕ್ಕಿತು.

ನಮ್ಮಲ್ಲಿ ಅಷ್ಟು ಒಗ್ಗಟ್ಟಿಲ್ಲ. ಒಂದು ಹಿಂಗಾರಿಗೆ ಬಾವಿ ಮಟ್ಟ ಇಳಿದದ್ದನ್ನು ಕಂಡು ಕೆಲವರು ಕಬ್ಬಿನ ಆಸೆ ಬಿಟ್ಟು ಮಾಲದಂಡಿ ಜೋಳ, ಕಡಲೆ ಬಿತ್ತಿದರು. ಇನ್ನು ಕೆಲವರು ಅದೇ ಅಂಕಿ ನೋಡಿ ಹೊಸ ಬೋರ್ ಕೊರೆಸಿದರು. ಮಾಪಕಕ್ಕೆ ಮಾತು ಬರಲ್ಲ, ಏನು ಮಾಡುವುದು.

ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಡಿಮೆಯಾದದ್ದು ಜಾಡಿಗಾಗಿ. ಒಬ್ಬರೇ ಕೊಳ್ಳುವುದಾದರೆ ಬೇಡ ಅನ್ನುತ್ತೇನೆ. ಅಕ್ಕಪಕ್ಕದ ಹೊಲದವರು ಮೂರ್ನಾಲ್ಕು ಜನ ಒಪ್ಪಿದರೆ ಮೃಗಶಿರಾ ಹುಟ್ಟುವ ಮೊದಲೇ ಒಂದೇ ಅಳತೆಯವು ತರಿಸಿ. ಜೊತೆಗೆ ಸ್ಪಿರಿಟ್ ಲೆವೆಲ್ ಒಂದು ಇರಲಿ, ಕಣ್ಣಂದಾಜಿನಲ್ಲಿ ನೆಟ್ಟ ಮಾಪಕ ವಾಲೇ ವಾಲುತ್ತದೆ.