ಮೂರು ವರ್ಷ ಚಂದಾ ಕಟ್ಟಿದ ಮೇಲೆ: ಹಳೇ ಪಿಯಾನೊ ಹುಡುಕೋರಿಗೆ ಈ ಸಂಗೀತ ಆ್ಯಪ್ ಎಷ್ಟರಮಟ್ಟಿಗೆ ಆದೀತು?

ಆ್ಯಪ್ ಹೆಸರು ಹಾಕುತ್ತಿಲ್ಲ. ತಿಂಗಳಿಗೆ ₹119 ಕಟ್ಟಿಸಿಕೊಳ್ಳುವ, ಬಹಳ ಜನರ ಫೋನಿನಲ್ಲಿ ಇರುವಂಥದ್ದೇ ಒಂದು ಅಂದುಕೊಳ್ಳಿ. ಸಿನಿಮಾ ಹಾಡಿಗೆ, ವಚನಕ್ಕೆ, ಭಜನೆಗೆ ಅದು ಹೇಗಿದೆ ಅನ್ನೋದು ನಿಮಗೆ ಗೊತ್ತೇ ಇರುತ್ತದೆ. ಈ ವಿಮರ್ಶೆ ಒಂದೇ ಕೆಲಸಕ್ಕೆ ಸಂಬಂಧಿಸಿದ್ದು: ಪಾಶ್ಚಾತ್ಯ ಶಾಸ್ತ್ರೀಯದಲ್ಲಿ ಒಬ್ಬರೇ ಕೂತು ನುಡಿಸುವ ಪಿಯಾನೊ, ಅದರಲ್ಲೂ ಹೆಚ್ಚು ಜನರ ಕಿವಿಗೆ ಬೀಳದ ಹಳೇ ರೆಕಾರ್ಡಿಂಗ್‌ಗಳನ್ನು ಹುಡುಕಿ ಕೇಳುವುದು. ಪಿಯಾನೊ ಕಛೇರಿ ಅಂತ ಬೋರ್ಡು ಬೀಳುವ ಊರಲ್ಲ ನಮ್ಮ ಕಲಬುರಗಿ. ಪಂಡಿತ ರಂಗಮಂದಿರದ ಕಡೆ ಹೋದರೆ ಖಯಾಲ್ ಸಿಕ್ಕೀತು, ಪಿಯಾನೊಗೆ ಕೃತಿ ಬರೆದ ಶೂಬರ್ಟ್ ಸಿಗಲಾರ. ಹಾಗಾಗಿ ಇಲ್ಲಿರೋರಿಗೆ ಈ ಚಂದಾನೇ ಕಛೇರಿ, ಇದೇ ಗ್ರಂಥಾಲಯ.

ಸರಕಿಗೆ ಕೊರತೆ ಇಲ್ಲ, ಅದನ್ನು ಮೊದಲು ಒಪ್ಪಿಕೊಳ್ಳಬೇಕು. ಈ ಪಟ್ಟಿಯಲ್ಲಿ ಮೊದಲ ಹೆಸರು ನುಡಿಸಿದವರದು, ಆಮೇಲಿನದು ಕೃತಿ ಬರೆದವರದು. ಸಮುಯಿಲ್ ಫೈನ್‌ಬರ್ಗ್ ನುಡಿಸಿದ ಬಾಖ್‌ನ 48 ಪ್ರೆಲ್ಯೂಡ್ ಮತ್ತು ಫ್ಯೂಗ್ (ಪೀಠಿಕೆಯಂಥ ತುಣುಕು, ಅದರ ಬೆನ್ನಿಗೆ ಒಂದೇ ಎಳೆಯನ್ನು ಹಲವು ಧ್ವನಿ ಬೆನ್ನಟ್ಟುವ ತುಣುಕು), ಮರಿಯಾ ಗ್ರಿನ್‌ಬರ್ಗ್ ಅವರ ಬೀಥೋವನ್ ಸೊನಾಟ (ವಾದ್ಯಕ್ಕೆಂದೇ ಬರೆದ ಕೃತಿ) 32ಕ್ಕೆ 32, ಬ್ರೆಜಿಲ್‌ನ ಗಿಯೊಮಾರ್ ನೊವಾಯೆಸ್ ಅವರ ಶೋಪಿನ್, ಫ್ರಾನ್ಸಿನ ಮಾರ್ಸೆಲ್ ಮೆಯೆರ್ ಅವರ ಸ್ಕಾರ್ಲಾಟಿ ಮತ್ತು ರಾಮೊ. ವ್ಲಾದಿಮಿರ್ ಸೊಫ್ರೊನಿಟ್ಸ್ಕಿಯ ಸ್ಕ್ರಿಯಾಬಿನ್ ಅಂತೂ ರಾಶಿಗಟ್ಟಲೆ ಇದೆ. ಇವರು ಸ್ಕ್ರಿಯಾಬಿನ್‌ಗೆ ಅಳಿಯ; ಆದರೆ ಮದುವೆ ಆಗುವ ಹೊತ್ತಿಗೆ ಮಾವ ತೀರಿಹೋಗಿದ್ದ. ಒಂದು ಕಾಲಕ್ಕೆ ಇವನ್ನೆಲ್ಲ ಕೇಳಬೇಕೆಂದರೆ ಹೊರದೇಶದಿಂದ ಸಿಡಿ ತರಿಸಿ, ಅದರ ಮೇಲೆ ಸುಂಕ ಕಟ್ಟಬೇಕಿತ್ತು. ಈಗ ಒಂದು ಹೊತ್ತಿನ ಊಟದ ದುಡ್ಡಿಗೆ ತಿಂಗಳಿಡೀ ಸಿಗುತ್ತವೆ.

ಆದರೆ ಇದ್ದದ್ದು ಸಿಗಬೇಕಲ್ಲ? ತಾಪತ್ರಯ ಶುರುವಾಗುವುದು ಇಸವಿಯಿಂದ.

ಆಲ್ಬಂ ಹೆಸರಿನ ಕೆಳಗೆ ಆ್ಯಪ್ ತೋರಿಸುವ ವರ್ಷ ನುಡಿಸಿದ ವರ್ಷ ಅಲ್ಲ, ಯಾರೋ ಅದನ್ನು ಡಿಜಿಟಲ್‌ನಲ್ಲಿ ಏರಿಸಿದ ವರ್ಷ. ಫೈನ್‌ಬರ್ಗ್ ತೀರಿಕೊಂಡದ್ದು 1962ರಲ್ಲಿ. ಆ್ಯಪ್ ಪ್ರಕಾರ ಅವರು ಅರ್ಧ ಶತಮಾನ ಕಳೆದ ಮೇಲೂ ಆಲ್ಬಂ ಬಿಡುತ್ತಿದ್ದಾರೆ. 33ನೇ ವಯಸ್ಸಿಗೆ, 1950ರ ಡಿಸೆಂಬರ್‌ನಲ್ಲಿ ಕಣ್ಮುಚ್ಚಿದ ದಿನು ಲಿಪಾಟಿಯ ಹೊಸ ಆಲ್ಬಂಗಳು ಇವತ್ತಿಗೂ ಬರುತ್ತಲೇ ಇವೆ. ಒಂದೇ ನುಡಿಸಾಣಿಕೆ ಐದು ಕಂಪನಿಯಿಂದ, ಐದು ಮುಖಪುಟದಲ್ಲಿ, ಐದು ಇಸವಿಯಲ್ಲಿ ಬಂದರೆ ಆ್ಯಪ್‌ಗೆ ಅವು ಐದು ಬೇರೆ ಆಲ್ಬಂ. ಅದೇ ಸೊಫ್ರೊನಿಟ್ಸ್ಕಿ ಒಂದೇ ತುಣುಕನ್ನು ಮೂರು ಸಲ ನುಡಿಸಿದ್ದರೆ ಮೂರಕ್ಕೂ ಒಂದೇ ಹೆಸರು, ಯಾವುದು ಯಾವ ವರ್ಷದ್ದು ಅನ್ನುವ ಸುಳಿವೇ ಇಲ್ಲ. ಅಂಗಡಿಯವನು ಹೊಸ ಅಕ್ಕಿ, ಹಳೇ ಅಕ್ಕಿ ಎರಡನ್ನೂ ಒಂದೇ ಚೀಲಕ್ಕೆ ಸುರಿದು ಇವತ್ತಿನ ತಾರೀಖಿನ ಚೀಟಿ ಅಂಟಿಸಿದ ಹಾಗೆ.

ಇದಕ್ಕೆ ಮದ್ದು ಆ್ಯಪ್ ಒಳಗೇ ಇದೆ, ಅದನ್ನು ಯಾರೂ ಗಮನಿಸುವುದಿಲ್ಲ: ಪ್ರತಿ ಟ್ರ್ಯಾಕಿನ ಬಲತುದಿಯ ನಿಮಿಷ-ಸೆಕೆಂಡು. ಕೈಬೆರಳಿನ ಮುದ್ರೆ ಹೇಗೋ ಹಾಗೆ. ಪಳಗಲಿಕ್ಕೆ ಎಲ್ಲರಿಗೂ ಗೊತ್ತಿರುವ ಗ್ಲೆನ್ ಗೌಲ್ಡ್ ನುಡಿಸಿದ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ತೆಗೆದುಕೊಳ್ಳಿ. 1955ರದ್ದು ಒಟ್ಟು ಸುಮಾರು 38 ನಿಮಿಷ, 1981ರದ್ದು 51. ಮುಖಪುಟದಲ್ಲಿ ಏನೇ ಬರೆದಿರಲಿ, ಒಟ್ಟು ನೋಡಿದರೆ ಸಾಕು. ಇನ್ನೊಂದು ಶೂಬರ್ಟ್‌ನ ಕೊನೆಯ ಸೊನಾಟ, ಸೂಚಿ ಸಂಖ್ಯೆ ಡಿ 960. ಮೊದಲ ಭಾಗದಲ್ಲಿ ಮುಂಭಾಗವನ್ನು ಮತ್ತೊಮ್ಮೆ ನುಡಿಸಿ ಅಂತ ಶೂಬರ್ಟ್ ಗುರುತು ಹಾಕಿದ್ದಾನೆ. ಅದನ್ನು ಬಿಟ್ಟವರದು 14–15 ನಿಮಿಷಕ್ಕೆ ಮುಗಿಯುತ್ತದೆ, ಪಾಲಿಸಿದವರದು 20ರ ಆಚೀಚೆ, ಸೋವಿಯತ್ ವಾದಕ ರಿಕ್ಟರ್‌ದು 24 ದಾಟುತ್ತದೆ. ಬಿಟ್ಟವರಲ್ಲಿ ಸಮಯ ಮಾತ್ರ ಕಡಿಮೆ ಆಗುವುದಿಲ್ಲ. ಹಿಂದಿರುಗುವ ಮುನ್ನ ಬರುವ ಕೆಲವು ಬಾರ್‌ಗಳು (ತಾಳದ ಆವರ್ತದಂಥವು), ಅದರೊಳಗೆ ಎಡಗೈಯ ಕೆಳಸ್ವರದಲ್ಲಿ ಒಮ್ಮೆಲೇ ಗುಡುಗುವ ಟ್ರಿಲ್ (ಅಕ್ಕಪಕ್ಕದ ಎರಡು ಸ್ವರಗಳ ನಡುಕ), ಅಷ್ಟೂ ಕಾಣೆ. ಹಾಗಾಗಿ ಒತ್ತುವ ಮೊದಲೇ ಆ ಅಂಕಿ ನೋಡಿದರೆ ಏನು ಕೇಳಲಿದ್ದೀರಿ ಅಂತ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಹಳೇ ಡಿಸ್ಕು, ಟೇಪುಗಳನ್ನು ಡಿಜಿಟಲ್‌ಗೆ ಇಳಿಸುವಾಗ ವೇಗ ಸ್ವಲ್ಪ ಆಚೀಚೆ ಆಗಿರುತ್ತದೆ. ಅರ್ಧ ಸ್ವರ ಮೇಲೇರಿದರೆ ವೇಗ ಸುಮಾರು ಶೇ 6 ಹೆಚ್ಚು; ಐದು ನಿಮಿಷದ ತುಣುಕು 17 ಸೆಕೆಂಡು ಕಡಿಮೆ ಆಗುತ್ತದೆ. ಆದ್ದರಿಂದ ಎರಡು ಆಲ್ಬಂನ ಒಂದೇ ಟ್ರ್ಯಾಕ್ ಹೋಲಿಸಿ ಬಿಡಬೇಡಿ, ನಾಲ್ಕೈದು ಹೋಲಿಸಿ. ಎಲ್ಲ ಟ್ರ್ಯಾಕೂ ಒಂದೇ ಶೇಕಡಾದಲ್ಲಿ ಕಿರಿದಾಗಿದ್ದರೆ ಅದು ಅದೇ ನುಡಿಸಾಣಿಕೆ, ವೇಗ ಬೇರೆ. ಒಂದು ಉದ್ದ, ಒಂದು ಗಿಡ್ಡ ಹೀಗೆ ಏರುಪೇರಾದರೆ ನಿಜಕ್ಕೂ ಬೇರೆ ದಿನದ್ದು. ಯಾವ ವೇಗ ಸರಿ ಅಂತ ತಿಳಿಯಲು ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಸಾಕು. ಬಾಖ್‌ನ 48ರ ಮೊದಲ ಪ್ರೆಲ್ಯೂಡ್ ಸಿ ಮೇಜರ್, ಅಂದರೆ ಬಿಳಿ ಒಂದರ ಷಡ್ಜ. ಅದು ಕಾಳಿ ಒಂದಕ್ಕೆ ಹೊಂದಿಕೊಂಡರೆ ಆ ಕಂಪನಿ ಓಡಿಸಿಬಿಟ್ಟಿದೆ ಅಂತಲೇ ಅರ್ಥ. ಕೂದಲೆಳೆ ವ್ಯತ್ಯಾಸ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಆ ಪಿಯಾನೊ ಶ್ರುತಿಯೇ ಹಾಗಿದ್ದೀತು, ಇಲ್ಲವೇ ನಿಮ್ಮ ಹಾರ್ಮೋನಿಯಂದೇ ತಪ್ಪಿದ್ದೀತು.

ಉದ್ದ ನೋಡಿ ಗುರುತು ಹಿಡಿಯುವುದು ಹುಚ್ಚಾಟ ಅನ್ನಿಸಿದರೆ ಜಾಯ್ಸ್ ಹ್ಯಾಟೊ ಪ್ರಕರಣ ನೆನೆಸಿಕೊಳ್ಳಿ. 2006ರಲ್ಲಿ ತೀರಿಕೊಂಡ ಈ ಇಂಗ್ಲಿಷ್ ಪಿಯಾನೊ ವಾದಕಿಯ ಹೆಸರಲ್ಲಿ ಗಂಡ ನೂರಕ್ಕೂ ಹೆಚ್ಚು ಸಿಡಿ ಹೊರತಂದಿದ್ದರು. ವಿಮರ್ಶಕರು ಕೊಂಡಾಡಿದ್ದರು ಕೂಡ. 2007ರಲ್ಲಿ ಅದರಲ್ಲಿ ಲಿಸ್ಟ್ ಅನ್ನುವ ಸಂಗೀತಕಾರನ ಕೃತಿಗಳಿದ್ದ ಒಂದು ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದರೆ ಪರದೆ ಮೇಲೆ ಮೂಡಿದ್ದು ಲಾಸ್ಲೊ ಸಿಮೊನ್ ಅನ್ನುವ ಬೇರೆ ವಾದಕನ ಹೆಸರು. ಸಿಡಿ ಗುರುತಿಸುವ ದತ್ತಾಂಶ ನೋಡುವುದು ಟ್ರ್ಯಾಕುಗಳ ಉದ್ದವನ್ನೇ. ಕದ್ದ ಕೆಲವು ಟ್ರ್ಯಾಕುಗಳ ವೇಗ ಬದಲಿಸಿದ್ದೂ ಆಮೇಲೆ ಪತ್ತೆಯಾಯಿತು. ಕಿವಿ ಮೋಸ ಹೋದಲ್ಲಿ ಸೆಕೆಂಡು ಕೈ ಹಿಡಿಯಿತು.

ಹುಡುಕುವ ಪೆಟ್ಟಿಗೆಗೆ ಬರೋಣ. ಕೃತಿಯ ಹೆಸರು ಹೊಡೆದರೆ ಸಿಗುವುದು ಮೋಂಬತ್ತಿ ಚಿತ್ರದ ‘ನಿದ್ದೆಗೆ ಪಿಯಾನೊ’ ಸಂಗ್ರಹಗಳು. ಕಲಾವಿದರ ಜಾಗದಲ್ಲಿ ಬಾಖ್ ಇರುತ್ತಾನೆ, ನುಡಿಸಿದವರು ಇರುವುದಿಲ್ಲ. ವಾದಕರ ಮನೆ ಹೆಸರು, ಜೊತೆಗೆ ಕೃತಿಯ ಸೂಚಿ ಸಂಖ್ಯೆ, ಇವೆರಡನ್ನೇ ಹಾಕಿ: ಬಾಖ್‌ಗೆ ಬಿಡಬ್ಲ್ಯೂವಿ 846ರಿಂದ 893, ಶೂಬರ್ಟ್‌ಗೆ ಡಿ, ಹೈಡನ್‌ಗೆ ಹೋಬ್. ಸ್ಕಾರ್ಲಾಟಿಯ 555 ಸೊನಾಟಗಳಲ್ಲಿ ಎಡವುವವರೇ ಹೆಚ್ಚು. ಈಗಿನವರು ಸೂಚಿ ಕಟ್ಟಿದ ಕರ್ಕ್‌ಪ್ಯಾಟ್ರಿಕ್‌ನ ಕೆ ಸಂಖ್ಯೆ ಕೊಡುತ್ತಾರೆ, ಹಳೇ ಡಿಸ್ಕುಗಳು ಲೊಂಗೊನ ಎಲ್ ಸಂಖ್ಯೆ. ಕೆ 27 ಹುಡುಕಿದವರಿಗೆ ಸಿಗದ್ದು ಎಲ್ 449ರ ಕೆಳಗೆ ಕೂತಿರುತ್ತದೆ. ಕೆ 380 ಎಲ್ 23ರ ಕೆಳಗೆ. ರಷ್ಯದವರ ಹೆಸರಿಗೆ ಇಂಗ್ಲಿಷ್ ಕಾಗುಣಿತ ಒಂದಿಲ್ಲ. ಸೊಫ್ರೊನಿಟ್ಸ್ಕಿಯ ಬಾಲ ಎಸ್-ಕೆ-ವೈ, ಜೆಡ್-ಕೆ-ಐ ಹೀಗೆ ಬೇರೆ ಬೇರೆ ಆಗಿ ಬರುತ್ತದೆ. ರಷ್ಯನ್ ಲಿಪಿಯಲ್ಲೇ ಹೆಸರು ನಕಲು ಮಾಡಿ ಅಂಟಿಸಿದರೆ ಬೇರೆಯದೇ ಆಲ್ಬಂಗಳು ಏಳುತ್ತವೆ. ಫಿಶರ್ ಅಂತ ಮಾತ್ರ ಹೊಡೆಯಬೇಡಿ. 1930ರ ದಶಕದಲ್ಲಿ ಬಾಖ್‌ನ 48ನ್ನೂ ಮೊದಲ ಬಾರಿ ಪೂರ್ತಿ ಮುದ್ರಿಸಿದ ಎಡ್ವಿನ್ ಬೇರೆ, ತಮ್ಮ ಬೀಥೋವನ್ ಸೊನಾಟಗಳನ್ನು ಬದುಕಿರುವವರೆಗೆ ಹೊರಗೆ ಬಿಡದ ಹಂಗೇರಿಯ ಆ್ಯನಿ ಬೇರೆ. ಇಬ್ಬರೂ ಬೇಕು, ಆದರೆ ಬೇರೆ ಬೇರೆ ದಿನ.

ಸೆಟ್ಟಿಂಗ್ ವಿಷಯ ಚಿಕ್ಕದು. ವಾಲ್ಯೂಮ್ ಸಮ ಮಾಡುವುದನ್ನು ಆಫ್ ಮಾಡಿ. ಅದು ಪಿಸುಗುಟ್ಟುವ ಪ್ರೆಲ್ಯೂಡನ್ನೂ ಗರ್ಜಿಸುವ ಫ್ಯೂಗನ್ನೂ ಒಂದೇ ಎತ್ತರಕ್ಕೆ ತರಬಹುದು. ಕ್ರಾಸ್‌ಫೇಡ್ (ಒಂದರ ಬಾಲಕ್ಕೆ ಇನ್ನೊಂದನ್ನು ಬೆರೆಸುವುದು), ಆಟೊಪ್ಲೇ ಎರಡನ್ನೂ ಆಫ್ ಮಾಡಿ, ಇಲ್ಲದಿದ್ದರೆ ಫೈನ್‌ಬರ್ಗ್ ಮುಗಿದ ಕೂಡಲೇ ಮೋಂಬತ್ತಿ ಬರುತ್ತದೆ. ಎಡಗಿವಿಯಲ್ಲಿ ಕೆಳಸ್ವರ, ಬಲಗಿವಿಯಲ್ಲಿ ಮೇಲ್ಸ್ವರ ಅಂತ ಅಸಹಜವಾಗಿ ಒಡೆದಿದ್ದರೆ ಅದು ಮೊನೊ ರೆಕಾರ್ಡಿಂಗ್‌ಗೆ ಆಮೇಲೆ ಕಟ್ಟಿದ ಸುಳ್ಳು ಸ್ಟೀರಿಯೊ. ಫೋನಿನ ಆ್ಯಕ್ಸೆಸಿಬಿಲಿಟಿಯಲ್ಲಿ ಮೊನೊ ಆಡಿಯೊ ಒತ್ತಿ. 78 ಆರ್‌ಪಿಎಂ ಡಿಸ್ಕಿನ ಕರಕರ ಸದ್ದೂ ಅದರಿಂದ ಕೆಲವೊಮ್ಮೆ ಸ್ವಲ್ಪ ತಗ್ಗುತ್ತದೆ. ಧ್ವನಿ ಗುಣಮಟ್ಟ 320 ಕೆಬಿಪಿಎಸ್ ಅಂದರೆ ಗಂಟೆಗೆ 144 ಎಂಬಿ, ಇಷ್ಟು ಬೇಕಾದಷ್ಟಾಯಿತು. ಹಳೇ ಮೊನೊಗೆ ಹೈ-ರೆಸ್ ಚಂದಾ ಕಟ್ಟುವುದು ದುಡ್ಡು ಹಾಳು. ಅದೇ ದುಡ್ಡಲ್ಲಿ ಒಂದು ಟೈಪ್-ಸಿ ಡಾಂಗಲ್, ವೈರ್ ಇರುವ ಇಯರ್‌ಫೋನ್ ತಗೊಳ್ಳಿ. ರಬ್ಬರ್ ತುದಿ ಕಿವಿಗೆ ಬಿಗಿಯಾಗಿ ಕೂರದಿದ್ದರೆ ಎಡಗೈ ಅರ್ಧ ಕೇಳುವುದಿಲ್ಲ.

ಒಂದೇ ನುಡಿಸಾಣಿಕೆ ಐದು ಕಡೆ ಇದ್ದಾಗ ಯಾವುದನ್ನು ಇಟ್ಟುಕೊಳ್ಳಬೇಕು? ಕೊನೆಯಲ್ಲಿ ಒಟ್ಟಿಗೆ ಒತ್ತಿದ ಸ್ವರಗುಚ್ಛ ಆರುವುದನ್ನು ಕೇಳಿ. ಸ್ವರ ಕರಗಿದ ಮೇಲೂ ಹಿಂದಿನ ಸುಯ್ಯೆನ್ನುವ ಸದ್ದು ಒಂದೇ ಸಮನೆ ಉಳಿದಿದ್ದರೆ ಅದು ಒಳ್ಳೆಯ ಪ್ರತಿ. ಸ್ವರದ ಜೊತೆಗೇ ಸದ್ದೂ ಕತ್ತರಿಸಿದ ಹಾಗೆ ನಿಂತರೆ ಯಾರೋ ಗದ್ದಲ ತೆಗೆಯಲು ಹೋಗಿ ಪಿಯಾನೊದ ಬಾಲವನ್ನೂ ಕೊಯ್ದಿದ್ದಾರೆ.

ಈ ಪರೀಕ್ಷೆ ಫ್ಯಾನ್ ಕೆಳಗೆ ಆಗುವುದಿಲ್ಲ ನೋಡ್ರಿ. ನಮ್ಮ ಕಡೆ ಬ್ಯಾಸಗಿಯಲ್ಲಿ ಏರ್ ಕೂಲರ್ ಹಚ್ಚಿದರೆ ಪಿಯಾನೊದ ಮೆಲುದನಿ ಪೂರ್ತಿ ಅದರ ಹೊಟ್ಟೆಗೇ ಹೋಗುತ್ತದೆ. ಹಗಲು ಇದಕ್ಕೆ ಆಗಿಬರುವುದಿಲ್ಲ. ಪಕ್ಕದ ಮನೆಯ ರೊಟ್ಟಿ ಬಡಿಯುವ ತಾಳಕ್ಕೂ ಶೂಬರ್ಟ್‌ಗೂ ಹೊಂದುವುದಿಲ್ಲ. ಸರಿಯಾದ ಜಾಗ ಮಾಳಿಗೆ, ಸರಿಯಾದ ಹೊತ್ತು ರಾತ್ರಿ ಹನ್ನೊಂದರ ಮೇಲೆ. ಸಂಜೆ ಎರಡು ಕೊಡ ನೀರು ಹೊಡೆದಿದ್ದರೆ ಅಷ್ಟೊತ್ತಿಗೆ ಕಲ್ಲು ಆರಿರುತ್ತದೆ, ಚಾಪೆ ಹಾಸಬಹುದು. ಕರೆಂಟ್ ಹೋದರೆ ಇನ್ನೂ ಚೆಂದ: ಓಣಿಯ ಕೂಲರ್‌ಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚುತ್ತವೆ. ವೈಫೈಯೂ ಹೋಗುತ್ತದೆ, ಆದ್ದರಿಂದ ಬೇಕಾದ್ದನ್ನು ಮೊದಲೇ ಇಳಿಸಿಕೊಂಡಿರಬೇಕು.

ಕರೆಂಟ್ ಇಲ್ಲದ ಆ ಹತ್ತು-ಹದಿನೈದು ನಿಮಿಷಕ್ಕೆ ಇಟ್ಟುಕೊಳ್ಳಬೇಕಾದ್ದು ಫೆದೆರಿಕೊ ಮೊಂಪೌ. ಬಾರ್ಸಿಲೋನಾದವನು, ತಾಯಿ ಕಡೆಯವರದು ಗಂಟೆ ಎರಕ ಹೊಯ್ಯುವ ಮನೆತನ. ‘ಮೂಸಿಕಾ ಕಯಾದಾ’, ಮೌನದ ಸಂಗೀತ ಅನ್ನಬಹುದು, 28 ಚಿಕ್ಕ ತುಣುಕು. 1974ರಲ್ಲಿ, 80 ದಾಟಿದ ಮೇಲೆ ತಾನೇ ಕೂತು ನುಡಿಸಿ ಮುದ್ರಿಸಿದ್ದಾನೆ. ಮೊದಲನೆಯದರಲ್ಲಿ ಬೆರಳಿಗೆ ಕಷ್ಟದ್ದು ಏನೂ ಇಲ್ಲ. ಒಂದು ಸ್ವರ ಒತ್ತುತ್ತಾನೆ, ಅದು ಅಡಗುವ ತನಕ ಕಾಯುತ್ತಾನೆ, ಅದರ ಬಾಲದ ಮೇಲೇ ಮುಂದಿನದನ್ನು ಇಡುತ್ತಾನೆ. ಗಂಟೆ ಹೊಡೆದಾಗ ಮುಖ್ಯ ಸ್ವರ ಸತ್ತರೂ ಪಕ್ಕದ ಸ್ವರಗಳು ಗುಂಯ್‌ಗುಡುತ್ತವಲ್ಲ, ಆ ಲೆಕ್ಕ. ಆ್ಯಪ್ ಇದನ್ನು ಯಾವತ್ತೂ ಶಿಫಾರಸು ಮಾಡುವುದಿಲ್ಲ, ಹುಡುಕಿಯೇ ತಗೋಬೇಕು. ₹119 ಇದೊಂದಕ್ಕೇ ಕೊಡಬಹುದು ಅನ್ನಿಸುವ ಹೊತ್ತು ಅದು.

ಅನ್ನಿಸಿದ ಮರುದಿನವೇ ಪಟ್ಟಿಯಲ್ಲಿ ಒಂದು ಸಾಲು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಪರವಾನಗಿ ಮುಗಿದರೆ ಆಲ್ಬಂ ಮಾಯ, ಇಳಿಸಿಕೊಂಡದ್ದೂ ತೆರೆಯುವುದಿಲ್ಲ. ಮುಂಚೆ ಹೇಳುವುದೂ ಇಲ್ಲ, ಆಮೇಲೆ ಹೇಳುವುದೂ ಇಲ್ಲ. ಇದಕ್ಕೆ ನೋಟ್‌ಬುಕ್ಕೇ ಗತಿ: ವಾದಕರು, ಕೃತಿಯ ಸಂಖ್ಯೆ, ಮೊದಲ ಮೂರು ಟ್ರ್ಯಾಕಿನ ನಿಮಿಷ-ಸೆಕೆಂಡು, ಕಂಪನಿ, ಶ್ರುತಿ ಸರಿಯೋ ಇಲ್ಲವೋ. ಹೋದದ್ದು ಬೇರೆ ಮುಖಪುಟದಲ್ಲಿ ಮರಳುವುದು ಸಾಮಾನ್ಯ, ಆಗ ಸೆಕೆಂಡು ನೋಡಿ ಹಿಡಿಯಬಹುದು. ತೀರ ಹಳೆಯದಕ್ಕೆ ಇನ್ನೊಂದು ದಾರಿ ಇದೆ. ನಮ್ಮ ದೇಶದ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1960ರಲ್ಲಿ ಪ್ರಕಟವಾದದ್ದರ ಹಕ್ಕು 2020ರ ಕೊನೆಗೇ ಮುಗಿದಿದೆ. ಎಡ್ವಿನ್ ಫಿಶರ್‌ನ ಬಾಖ್, ವಾದಕ ಶ್ನಾಬೆಲ್‌ನ ಬೀಥೋವನ್ ಇವೆಲ್ಲ ಈ ಲೆಕ್ಕಕ್ಕೆ ಬರುತ್ತವೆ. ಹಳೇ ಡಿಸ್ಕಿನಿಂದ ನೇರ ಇಳಿಸಿದ ಪ್ರತಿ ಸಿಕ್ಕರೆ ಮೆಮೊರಿ ಕಾರ್ಡಿಗೆ ಹಾಕಿಟ್ಟುಕೊಳ್ಳಿ, ಅದು ಬೂದು ಆಗುವುದಿಲ್ಲ.

ಐದರಲ್ಲಿ ಮೂರು ನಕ್ಷತ್ರ. ಒಂದು ಕಿತ್ತದ್ದು ಇಸವಿಗೆ, ಇನ್ನೊಂದು ಬೂದು ಸಾಲಿಗೆ. ವರ್ಷದ ಚಂದಾ ಅಗ್ಗ ಅಂತ ತೋರಿಸುತ್ತಾರೆ, ಅದಕ್ಕೆ ಬೀಳಬೇಡಿ. ತಿಂಗಳು ತಿಂಗಳು ಕಟ್ಟಿ, ಕಟ್ಟುವ ಹಿಂದಿನ ರಾತ್ರಿ ಪಟ್ಟಿಯಲ್ಲಿ ಎಷ್ಟು ಸಾಲು ಬೂದಾಗಿವೆ ಎಣಿಸಿ.