ಆರೋಗ್ಯ ಸಂಶೋಧನೆಗೆ ಸರ್ಕಾರದ ಗ್ರಾಂಟ್: ಮೂರು ಅರ್ಜಿ ಬರೆದ ಮೇಲೆ ನನ್ನ ಅಭಿಪ್ರಾಯ

ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಪಾಠ ಮಾಡುತ್ತೇನೆ. ಕುಡಿತ ಬಿಡಬೇಕು ಅಂತ ಅನ್ನಿಸಿದರೂ ಜನ ಆಸ್ಪತ್ರೆಗೆ ಯಾಕೆ ಬರುವುದಿಲ್ಲ, ಬಂದವರು ಎರಡನೇ ಸಲ ಯಾಕೆ ಕಾಣಿಸುವುದಿಲ್ಲ, ಇದೇ ನನ್ನ ಸಂಶೋಧನೆ. ಇಂಥ ಕೆಲಸಕ್ಕೆ ಕಂಪನಿಗಳು ದುಡ್ಡು ಹಾಕುವುದಿಲ್ಲ. ಇದರಲ್ಲಿ ಮಾತ್ರೆ ಇಲ್ಲ, ಮೆಷಿನ್ ಇಲ್ಲ, ಮಾರಲಿಕ್ಕೆ ಏನೂ ಇಲ್ಲ. ಕೊಟ್ಟರೆ ಸರ್ಕಾರವೇ ಕೊಡಬೇಕು. ಏಳು ವರ್ಷದಲ್ಲಿ ಮೂರು ಅರ್ಜಿ ಹಾಕಿದ್ದೇನೆ. ಮೊದಲನೆಯದು ಬಿದ್ದು ಹೋಯಿತು, ಆಮೇಲಿನ ಎರಡೂ ಸಿಕ್ಕಿದವು. ಐದರಲ್ಲಿ ಅಂಕ ಕೊಡಿ ಅಂದರೆ ಮೂರೂವರೆ ಕೊಡುತ್ತೇನೆ. ಆ ಒಂದೂವರೆ ಯಾಕೆ ಕಡಿಮೆ ಅಂತ ಹೇಳುವುದಕ್ಕೇ ಇಷ್ಟು ಬರೆಯುತ್ತಿರುವುದು.

ಮೊದಲು ಎಲ್ಲಿ ಕೇಳಬೇಕು ಅನ್ನುವುದು. ಹೆಚ್ಚಿನವರಿಗೆ ನೆನಪಿಗೆ ಬರುವುದು ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. 1911ರಲ್ಲಿ ಬೇರೆ ಹೆಸರಲ್ಲಿ ಶುರುವಾಗಿ, 1949ರಲ್ಲಿ ಈಗಿನ ಹೆಸರು ಪಡೆದ ಸಂಸ್ಥೆ. 2023ರಲ್ಲಿ ಅವರು ಕರೆದ ಸಣ್ಣ ಎಕ್ಸ್‌ಟ್ರಾಮ್ಯೂರಲ್ (ಹೊರಗಿನ ಸಂಸ್ಥೆಯವರಿಗೆ ಕೊಡುವ) ಗ್ರಾಂಟ್‌ಗೆ ಮಿತಿ 2 ಕೋಟಿ, ಅವಧಿ 3 ವರ್ಷ. ಸಣ್ಣದು ಅಂದರೇ ಇಷ್ಟು! ನಮ್ಮಂಥ ಕಾಲೇಜಿನವರು ಆ ಅಂಕಿ ನೋಡಿ ಹೆದರುವುದುಂಟು. ಅದು ಮಿತಿ ಅಷ್ಟೇ. ಇಪ್ಪತ್ತು ಲಕ್ಷದ ಕೆಲಸಕ್ಕೆ ಇಪ್ಪತ್ತೇ ಲಕ್ಷ ಕೇಳಿದರೆ ಸಾಕು. ಎಂಬಿಬಿಎಸ್ ಮಕ್ಕಳಿಗೆ 1979ರಿಂದ ನಡೆಯುತ್ತಿರುವ ಎಸ್‌ಟಿಎಸ್ (ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್) ಇದೆ, ಎರಡು ತಿಂಗಳ ಚಿಕ್ಕ ಕೆಲಸ. ಸಂಶೋಧನೆಯ ರುಚಿ ಹತ್ತುವುದು ಅಲ್ಲೇ. ನಮ್ಮ ಕಡೆಯ ಮೆಡಿಕಲ್ ಕಾಲೇಜುಗಳ ಮಕ್ಕಳು ಅದನ್ನು ಬಿಡಬಾರದು.

ಮನಸ್ಸು, ನಡವಳಿಕೆ ಅಂತ ಕೆಲಸ ಮಾಡುವವರು ಐಸಿಎಂಆರ್ ಒಂದನ್ನೇ ನಂಬಿ ಕೂರಬಾರದು. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2008ರಲ್ಲಿ ಕಾಗ್ನಿಟಿವ್ ಸೈನ್ಸ್‌ಗೆ (ಮನಸ್ಸು ಹೇಗೆ ಕೆಲಸ ಮಾಡುತ್ತದೆ ಅನ್ನುವ ವಿಜ್ಞಾನಕ್ಕೆ) ಅಂತಲೇ ಒಂದು ಯೋಜನೆ ಶುರು ಮಾಡಿತು. 2015ರಲ್ಲಿ ಯೋಗ, ಧ್ಯಾನದ ಸಂಶೋಧನೆಗೆ 'ಸತ್ಯಂ' ಅನ್ನುವ ಯೋಜನೆ ಬಂತು. ಸಮಾಜ ವಿಜ್ಞಾನದ ಕಡೆಯಿಂದ ಬರುವವರಿಗೆ 1969ರಲ್ಲಿ ಹುಟ್ಟಿದ ಐಸಿಎಸ್‌ಎಸ್‌ಆರ್, ಅಂದರೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಕಾಲೇಜಾದರೆ ಅಲ್ಲಿಯೂ ಕೇಳಬಹುದು. ವಿದೇಶದ ದುಡ್ಡಿನ ದಾರಿ ಉದ್ದ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ನಡವಳಿಕೆಯ ಸಂಶೋಧನೆಗೆ 1995ರಿಂದ ಬೇರೆಯೇ ಕಚೇರಿ ಇದೆ, ನಿಜ. ಆದರೆ ಹೊರಗಿನ ದುಡ್ಡಲ್ಲಿ ಇಲ್ಲಿ ಆರೋಗ್ಯ ಸಂಶೋಧನೆ ಮಾಡಲು ಕೇಂದ್ರ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿ ಒಪ್ಪಬೇಕು, ಎಫ್‌ಸಿಆರ್‌ಎ (ವಿದೇಶಿ ದೇಣಿಗೆಯ ಕಾನೂನು) ಲೆಕ್ಕವೂ ಸರಿಯಾಗಿರಬೇಕು. ಮೊದಲ ಗ್ರಾಂಟ್‌ಗೆ ಆ ದಾರಿ ಬೇಡ ಅಂತಲೇ ನಾನು ಹೇಳುವುದು.

ನನ್ನ ಮೊದಲ ಅರ್ಜಿ ಬಿದ್ದದ್ದು ನ್ಯಾಯವೇ. 'ಕರಾವಳಿಯ ಜನರ ಆರೋಗ್ಯ ವರ್ತನೆ' ಅಂತ ಏನೇನೋ ಸೇರಿಸಿ ಬರೆದಿದ್ದೆ. ಬೀಡಿ, ಕುಡಿತ, ಸಕ್ಕರೆ ಕಾಯಿಲೆ, ಎಲ್ಲ ಇತ್ತು. ಇವರು ಕೇಳುತ್ತಿರುವ ಪ್ರಶ್ನೆ ಯಾವುದು ಅಂತಲೇ ಗೊತ್ತಾಗುವುದಿಲ್ಲ ಎಂದು ಪರಿಶೀಲಕರು ಬರೆದಿದ್ದರು. ಎರಡನೇ ಸಲ ಒಂದೇ ಪ್ರಶ್ನೆ ಇಟ್ಟೆ: ಮೀನುಗಾರಿಕೆ ಬೋಟಿನಲ್ಲಿ ದುಡಿಯುವ ಗಂಡಸರು ಕುಡಿತಕ್ಕೆ ಸಹಾಯ ಕೇಳಿ ಬರುವುದು ಯಾವಾಗ? ಈ ಪ್ರಶ್ನೆ ಯಾಕೆ ಮುಖ್ಯ ಅಂತ ತೋರಿಸಲು ಒಂದು ಅಂಕಿ ಸಾಕಾಯಿತು. ನಿಮ್ಹಾನ್ಸ್ ಮುಂದೆ ನಿಂತು ಮಾಡಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಕುಡಿತದ ತೊಂದರೆ ಇರುವ ನೂರು ಜನರಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆ ಸಮೀಕ್ಷೆ ನಡೆದದ್ದು 12 ರಾಜ್ಯಗಳಲ್ಲಿ. ಅದರಲ್ಲಿ ಕರ್ನಾಟಕ ಇರಲಿಲ್ಲ. ಈ ಎರಡು ವಾಕ್ಯ ಅರ್ಜಿಯ ಮೊದಲ ಪುಟದಲ್ಲೇ ಹಾಕಿದೆ.

ದುಡ್ಡು ಮಂಜೂರಾಯಿತು. ದಕ್ಕೆಗೆ, ಅಂದರೆ ಬೋಟಿನಿಂದ ಮೀನು ಇಳಿಸುವ ಬಂದರಿಗೆ ಹೋಗಿ ಕೆಲಸ ಶುರು ಮಾಡಿದ ಮೇಲೆಯೇ ನಿಜವಾದ ಕಷ್ಟ ಗೊತ್ತಾದದ್ದು.

ಕುಡಿತ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಅಂತ ಹತ್ತು ಪ್ರಶ್ನೆಗಳಿವೆ. ಒಟ್ಟು 40 ಅಂಕ. ಎಂಟು ಮುಟ್ಟಿದರೆ ಎಚ್ಚರಿಕೆ. ಎರಡನೇ ಪ್ರಶ್ನೆ, ಕುಡಿಯುವ ದಿನ ಎಷ್ಟು 'ಡ್ರಿಂಕ್' ಕುಡಿಯುತ್ತೀರಿ ಅಂತ. ಮೊದಲ ದಿನ ಐವತ್ತು ದಾಟಿದ ಒಬ್ಬರು ಬಲೆ ಹೆಣೆಯುತ್ತಾ ಕೂತಿದ್ದರು. "ಒಂಜೇ ಕ್ವಾರ್ಟರ್ ಅಕ್ಕಾ" ಅಂದರು. ಪ್ರಾಜೆಕ್ಟಿನಲ್ಲಿ ಕೆಲಸಕ್ಕಿದ್ದ ನಮ್ಮ ಹುಡುಗಿ ಫಾರ್ಮಿನಲ್ಲಿ 'ಒಂದು' ಅಂತ ಗುರುತು ಹಾಕಿದಳು. ಅಂಕ ಸೊನ್ನೆ.

ಸಂಜೆ ಫಾರ್ಮುಗಳನ್ನು ನೋಡುವಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ಆಡಿಟ್ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ 10 ಗ್ರಾಂ ಆಲ್ಕೋಹಾಲ್. ಒಂದು ಕ್ವಾರ್ಟರ್ ಅಂದರೆ 180 ಎಂ.ಎಲ್. ವಿಸ್ಕಿಯ ಬಾಟಲಿ ಮೇಲೆ ಬರೆದಿರುವುದು ಶೇಕಡಾ 42.8. ಗುಣಿಸಿ, ಎಂ.ಎಲ್. ಅನ್ನು ತೂಕಕ್ಕೆ ಇಳಿಸಿ ನೋಡಿದರೆ ಸುಮಾರು 60 ಗ್ರಾಂ, ಅಂದರೆ ಆರು ಡ್ರಿಂಕ್. ಮೂರನೇ ಪ್ರಶ್ನೆ ಕೇಳುವುದೇ, ಒಂದೇ ಸಲಕ್ಕೆ ಆರು ಅಥವಾ ಅದಕ್ಕಿಂತ ಜಾಸ್ತಿ ಎಷ್ಟು ಸಲ ಕುಡಿಯುತ್ತೀರಿ ಅಂತ. ಅವರು ಸುಳ್ಳು ಹೇಳಲಿಲ್ಲ. ನಾವು ಕೇಳಿದ ಮಾತು ಅವರದಾಗಿರಲಿಲ್ಲ, ಅಷ್ಟೇ. ಆ ದಿನದ ಫಾರ್ಮುಗಳನ್ನೆಲ್ಲ ಬದಿಗಿಟ್ಟೆವು.

ಆಮೇಲೆ ಒಂದು ಕಾರ್ಡ್ ಮಾಡಿದೆವು. ಅದರಲ್ಲಿ ಚಿತ್ರಗಳು: ನೈಂಟಿ (90 ಎಂ.ಎಲ್.), ಕ್ವಾರ್ಟರ್, 650 ಎಂ.ಎಲ್. ಬಿಯರ್ ಬಾಟಲಿ. ನೈಂಟಿಗೆ ಮೂರು ಡ್ರಿಂಕ್, ಕ್ವಾರ್ಟರ್‌ಗೆ ಆರು. ಎಂಟು ಪರ್ಸೆಂಟಿನ ಸ್ಟ್ರಾಂಗ್ ಬಿಯರ್ ಆದರೆ ನಾಲ್ಕು. ಸಿಕ್ಕಿಹಾಕಿಕೊಂಡದ್ದು ಕಲಿಯಲ್ಲಿ. ತುಳುವಿನಲ್ಲಿ ಕಲಿ ಅಂದರೆ ಶೇಂದಿ. ಬೆಳಿಗ್ಗೆ ಇಳಿಸಿದ್ದಕ್ಕೂ ಸಂಜೆಯದ್ದಕ್ಕೂ ಒಂದೇ ಬಲ ಅಲ್ಲ, ಹೊತ್ತು ಹೋದ ಹಾಗೆ ಹುಳಿ ಬಂದು ಖಡಕ್ ಆಗುತ್ತದೆ. ಹಾಗಾಗಿ ಎಷ್ಟು ಅನ್ನುವುದರ ಜೊತೆಗೆ ಯಾವ ಹೊತ್ತಿಗೆ ಅಂತಲೂ ಕೇಳತೊಡಗಿದೆವು.

ಏಳನೇ ಪ್ರಶ್ನೆ ಇನ್ನೂ ಕಷ್ಟ. ಕುಡಿದ ಮೇಲೆ ತಪ್ಪು ಮಾಡಿದೆ ಅಂತ ಅನ್ನಿಸಿದೆಯಾ ಅಂತ ಅದರ ಅರ್ಥ. ನಮ್ಮ ಮೊದಲ ಅನುವಾದದಲ್ಲಿ 'ಬೇಜಾರಾಗಿದೆಯಾ' ಅಂತ ಇತ್ತು. ಬೇಜಾರು ಅಂದರೆ ದುಃಖವೂ ಹೌದು, ಹೊತ್ತು ಹೋಗದೆ ಇರುವುದೂ ಹೌದು. ಒಬ್ಬರು ನಮ್ಮನ್ನೇ ಕೇಳಿದರು, "ಬೇಜಾರಾದ್ದಕ್ಕೇ ಅಲ್ವಾ ಕುಡಿಯುವುದು? ಕುಡಿದ ಮೇಲೆ ಎಂತ ಬೇಜಾರು?" ಅವರ ಮಾತು ಸರಿ. ಉಳ್ಳಾಲದ ಒಬ್ಬ ನಿವೃತ್ತ ಮೇಷ್ಟ್ರು ಪೂರ್ತಿ ತುಳುವಿಗೆ ಇಳಿಸಿಕೊಟ್ಟರು. ಇಂಗ್ಲಿಷ್ ಮೂಲ ನೋಡದ ಇನ್ನೊಬ್ಬರು ಅದನ್ನು ವಾಪಸ್ ಇಂಗ್ಲಿಷ್‌ಗೆ ಮಾಡಿದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆವು. ಮೀನು ಮಾರುವ ಒಬ್ಬರು ಅಕ್ಕ ಕೂತು ಕೇಳಿ, "ಇದು ಪುಸ್ತಕದ ತುಳು, ದಕ್ಕೆಯದ್ದಲ್ಲ" ಅಂತ ನಾಲ್ಕು ಕಡೆ ತಿದ್ದಿಸಿದರು. ಬ್ಯಾರಿ ಮಾತಾಡುವವರಿಗೆ ಇಷ್ಟೂ ಕೆಲಸ ಇನ್ನೊಂದು ಸಲ. ಐದು ವಾರ ಹೋಯಿತು.

ಈ ಐದು ವಾರಕ್ಕೆ ಬಜೆಟ್‌ನಲ್ಲಿ ಒಂದು ರೂಪಾಯಿಯೂ ಇರಲಿಲ್ಲ. ನಾನು ಇಟ್ಟಿರಲಿಲ್ಲ, ಫಾರ್ಮ್ ಕೇಳಿರಲೂ ಇಲ್ಲ. ಸಂಬಳ, ಪ್ರಯಾಣ, ಉಪಕರಣ, ಕಂಟಿಂಜೆನ್ಸಿ (ಚಿಲ್ಲರೆ ಖರ್ಚು), ಓವರ್‌ಹೆಡ್ (ಕಾಲೇಜಿನ ಪಾಲು), ಇಷ್ಟೇ ಖಾನೆಗಳು. ರಕ್ತ ಪರೀಕ್ಷೆ ಮಾಡುವವರಿಗೆ ಇದು ಸಾಕು. ನಡವಳಿಕೆಯ ಸಂಶೋಧನೆಯಲ್ಲಿ ಪ್ರಶ್ನೆಯೇ ನಮ್ಮ ಉಪಕರಣ ಅಲ್ವಾ? ಅದನ್ನು ಸರಿ ಮಾಡಿಕೊಳ್ಳುವ ಖರ್ಚು ಮೆಷಿನ್ ಕೊಳ್ಳುವ ಖರ್ಚಿನಷ್ಟೇ ಮುಖ್ಯ. ನಾನು ಒಂದು ಅಂಕ ಕಡಿಮೆ ಮಾಡಿದ್ದು ಇದಕ್ಕೆ. ಮೂರನೇ ಅರ್ಜಿಯಲ್ಲಿ ಅನುವಾದ, ಮರು ಅನುವಾದ, ಪ್ರಯೋಗ ಅಂತ ಮೂರು ಸಾಲು ಬೇರೆಯಾಗಿ ಹಾಕಿ, ಕ್ವಾರ್ಟರಿನ ಕಥೆಯನ್ನೇ ಕಾರಣವಾಗಿ ಬರೆದೆ. ಒಂದು ಪೈಸೆ ಕಡಿತ ಮಾಡದೆ ಒಪ್ಪಿದರು. ಕೇಳಿದರೆ ಕೊಡುತ್ತಾರೆ. ಕೇಳಬಹುದು ಅಂತ ಹೊಸಬರಿಗೆ ಹೇಳುವವರಿಲ್ಲ.

ಎಥಿಕ್ಸ್, ಅಂದರೆ ಭಾಗವಹಿಸುವವರಿಗೆ ಅನ್ಯಾಯ ಆಗದ ಹಾಗೆ ನೋಡುವ ನಿಯಮಗಳ ಬಗ್ಗೆ ನನಗೆ ದೂರಿಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಸಾಮಾಜಿಕ ಮತ್ತು ನಡವಳಿಕೆಯ ಸಂಶೋಧನೆಗೆ ಬೇರೆ ಅಧ್ಯಾಯವೇ ಇದೆ, ತಾಳ್ಮೆಯಿಂದ ಓದಬೇಕಾದ್ದು. ಭಾಗವಹಿಸಿದವರ ಪ್ರಯಾಣದ ಖರ್ಚು, ತಪ್ಪಿದ ಕೂಲಿ ಕೊಡಬಹುದು ಅಂತ ಅದರಲ್ಲೇ ಇದೆ. ಮೀನು ಇಳಿಸುವ ಹೊತ್ತಲ್ಲಿ ನಮ್ಮ ಮುಂದೆ ಅರ್ಧ ಗಂಟೆ ಕೂತವರಿಗೆ ಅದು ದೊಡ್ಡ ವಿಷಯ.

ಇನ್ನು ಅರ್ಧ ಅಂಕ ಹೋದದ್ದು ಕ್ಯಾಲೆಂಡರ್‌ಗೆ. ಸರ್ಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ದಕ್ಕೆಯ ವರ್ಷ ಹಾಗಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ರಜೆ. ಮಲ್ಪೆಯಲ್ಲಾಗಲಿ ಮಂಗಳೂರಲ್ಲಾಗಲಿ ಬೋಟಿನ ಗಂಡಸರು ನೆಮ್ಮದಿಯಾಗಿ ಮಾತಿಗೆ ಸಿಗುವುದು ಆಗಲೇ. ಅದೂ ಊರಿನವರು ಮಾತ್ರ. ಒಡಿಶಾ, ಆಂಧ್ರದಿಂದ ಬಂದವರು ರಜೆಗೆ ಮನೆಗೆ ಹೋಗಿರುತ್ತಾರೆ. ಹಾಗಾಗಿ ನಮ್ಮ ಅಧ್ಯಯನ ಊರಿನವರಿಗಷ್ಟೇ ಅನ್ವಯ ಅಂತ ಮೊದಲೇ ಸ್ಪಷ್ಟವಾಗಿ ಬರೆದೆವು. ಎರಡನೇ ಅರ್ಜಿಗೆ ಸಿಕ್ಕ ಗ್ರಾಂಟಿನ ಮೊದಲ ಕಂತು ಬಂದದ್ದು ಸೆಪ್ಟೆಂಬರ್‌ನಲ್ಲಿ. ಬೋಟುಗಳೆಲ್ಲ ಕಡಲಿಗೆ ಹೋಗಿ ಆಗಿತ್ತು. ಆಳಸಮುದ್ರಕ್ಕೆ ಹೋದವರು ಬಂದು, ಮೀನು ಇಳಿಸಿ, ಐಸು ಡೀಸೆಲ್ ತುಂಬಿಸಿ ಮತ್ತೆ ಹೋಗುವ ನಡುವೆ ಯಾರನ್ನು ಹಿಡಿದು ಕೂರಿಸುವುದು?

ಎರಡನೇ ಕಂತಿನ ವಿಷಯ ಹೇಳುವಾಗ ಈಗಲೂ ನೋವಾಗುತ್ತದೆ. ದುಡ್ಡು ಕೊಟ್ಟ ಸಂಸ್ಥೆಯ ಹೆಸರು ಇಲ್ಲಿ ಬೇಡ. ಖರ್ಚಿನ ಪ್ರಮಾಣಪತ್ರ, ಅಂದರೆ ಜಿಎಫ್‌ಆರ್ 12-ಎ ನಮೂನೆ, ಸಮಯಕ್ಕೇ ಕಳಿಸಿದ್ದೆವು. ಬ್ಯಾಂಕಿನಲ್ಲಿ ಬಂದ ಬಡ್ಡಿಯನ್ನೂ ನಿಯಮದ ಹಾಗೆ ಸರ್ಕಾರಕ್ಕೆ ವಾಪಸ್ ಕಟ್ಟಿದ್ದೆವು. ಆದರೂ ನಾಲ್ಕು ತಿಂಗಳು ಕಂತು ಬರಲಿಲ್ಲ. ನನ್ನ ಸಂಬಳ ಕಾಲೇಜಿಂದ ಬರುತ್ತದೆ, ನನಗೇನೂ ಆಗಲಿಲ್ಲ. ಆದರೆ ಫಾರ್ಮ್ ತುಂಬಿಸುವ ಹುಡುಗಿಗೆ ಆ ಗ್ರಾಂಟೇ ಸಂಬಳ. ಸುರತ್ಕಲ್‌ನಿಂದ ಬೆಳಿಗ್ಗೆ ಐದೂವರೆಗೆ ತನ್ನ ಸ್ಕೂಟರಿನಲ್ಲಿ ಬರುತ್ತಿದ್ದವಳು. ಯಾರ ಹತ್ತಿರ ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು ಅಂತ ಅವಳಿಗೆ ಗೊತ್ತಿತ್ತು. ಮೂರನೇ ತಿಂಗಳು ಪೆಟ್ರೋಲಿಗೆ ದುಡ್ಡಿಲ್ಲ ಅಂತ ಹೇಳಲು ನಾಚಿಕೊಂಡು ಎರಡು ದಿನ ಬರಲೇ ಇಲ್ಲ. ಆಮೇಲೆ ಒಂದು ಬಟ್ಟೆ ಅಂಗಡಿಗೆ ಕೆಲಸಕ್ಕೆ ಸೇರಿದಳು. ಅವಳ ಜಾಗಕ್ಕೆ ಬಂದವರ ಹತ್ತಿರ ದಕ್ಕೆಯ ಜನ ಅಷ್ಟು ಬಿಚ್ಚಿ ಮಾತಾಡಲಿಲ್ಲ. ಫಾರ್ಮುಗಳಲ್ಲಿ ಅದು ಕಾಣುತ್ತದೆ. ಉತ್ತರಗಳೆಲ್ಲ ಗಿಡ್ಡ.

ಇಷ್ಟಾದರೂ ಮೂರೂವರೆ ಅಂಕ ಯಾಕೆ ಅಂದರೆ, ಆ ದುಡ್ಡಿಲ್ಲದೆ ಈ ಕೆಲಸವೇ ಆಗುತ್ತಿರಲಿಲ್ಲ. ಪರಿಶೀಲಕರು ಅರ್ಜಿಯನ್ನು ನಿಜವಾಗಿ ಓದುತ್ತಾರೆ. ಯಾರದೋ ಪರಿಚಯ ಬೇಕು ಅಂತ ನನಗೆ ಹೇಳಿದವರು ಬಹಳ. ನನಗೆ ಯಾರ ಪರಿಚಯವೂ ಇರಲಿಲ್ಲ.

ಮೂರನೇ ಅರ್ಜಿಯನ್ನು ಮೀನುಗಾರಿಕೆ ರಜೆಯ ಲೆಕ್ಕ ಹಿಡಿದು ಬರೆದೆ. ಮೊದಲ ಎಂಟು ತಿಂಗಳು ಅನುವಾದ, ತರಬೇತಿ, ಎಥಿಕ್ಸ್. ದಕ್ಕೆಯ ಕೆಲಸ ಜೂನ್‌ಗೆ. ಗ್ರಾಂಟ್ ತಡವಾದರೆ ಮೂರು ತಿಂಗಳ ಸಂಬಳ ಕಾಲೇಜು ಮುಂಗಡ ಕೊಡಬೇಕು ಅಂತ ಪ್ರಿನ್ಸಿಪಾಲರಿಂದ ಬರೆಸಿಕೊಂಡ ಮೇಲೆಯೇ ಅರ್ಜಿ ಕಳಿಸಿದೆ. ಆ ಪತ್ರ ಹಿಡಿದುಕೊಂಡು ಬಟ್ಟೆ ಅಂಗಡಿಗೆ ಹೋಗಿ ಅವಳಿಗೆ ತೋರಿಸಿದೆ. ಎರಡು ಸಲ ಓದಿದಳು. "ಸಹಿ ಆಗಿದೆ ಅಲ್ವಾ ಮೇಡಂ?" ಅಂತ ಕೇಳಿದಳು. ಜೂನ್ 1ರ ಬೆಳಿಗ್ಗೆ ಮಳೆಯಲ್ಲಿ ರೇನ್‌ಕೋಟ್ ಹಾಕಿಕೊಂಡು, ಪ್ಲಾಸ್ಟಿಕ್ ಕವರಿನೊಳಗೆ ಹೊಸ ಕಾರ್ಡು ಇಟ್ಟುಕೊಂಡು, ನನಗಿಂತ ಮೊದಲೇ ದಕ್ಕೆಯಲ್ಲಿ ನಿಂತಿದ್ದಳು.