ಯೀಸ್ಟ್ ಸೋಂಕು: ನುಂಗುವ ಮಾತ್ರೆಯೋ, ಒಳಗಿಡುವುದೋ?

ಯೋನಿಯ ಯೀಸ್ಟ್ (ಶಿಲೀಂಧ್ರ) ಸೋಂಕಿಗೆ ನುಂಗುವ ಮಾತ್ರೆ ತಗೊಳ್ಳಲೋ, ಯೋನಿಯೊಳಗೆ ಇಡುವ ಮಾತ್ರೆಯೋ ಅಂತ ಮುಂಬೈ ಪಕ್ಕದ ಡೊಂಬಿವಲಿಯಿಂದ ಕೇಳಿದ ತಂಗೀ, ಮಗುವಿಗೆ ಪ್ರಯತ್ನ ಮಾಡುವಾಗ ಬೆಲೆಗಿಂತ ಮೊದಲು ಕ್ಯಾಲೆಂಡರ್ ನೋಡಬೇಕು.

ನುಂಗುವ ಮಾತ್ರೆ ಅಂದರೆ ಫ್ಲುಕೊನಜೋಲ್, 150 ಮಿ.ಗ್ರಾಂ. ಒಂದೇ ಸಲ ನುಂಗಿದರೆ ಆಯಿತು. ಬೆಳಗ್ಗೆ ಲೋಕಲ್ ರೈಲು ಹಿಡಿಯಲು ಓಡುವವರಿಗೆ ಸುಲಭ. ಆದರೆ ಗರ್ಭಿಣಿಯರಿಗೆ ಬೇಡ ಅನ್ನುತ್ತಾರೆ. ಮುಟ್ಟು ಈಗಷ್ಟೇ ಬಂದಿದ್ದರೆ ಡಾಕ್ಟರನ್ನು ಕೇಳಿ ತಗೊಳ್ಳಬಹುದು.

ಮುಟ್ಟು ತಪ್ಪುತ್ತಾ ಅಂತ ಕಾಯುತ್ತಿದ್ದೀಯಾ? ಆಗ ಒಳಗಿಡುವ ಮಾತ್ರೆ, ಅಂದರೆ ಕ್ಲೋಟ್ರಿಮಜೋಲ್, ಮೇಲು. ರಾತ್ರಿ ಮಲಗುವಾಗ ಒಳಗಿಡಬೇಕು. ಬೆಳಗ್ಗೆ ಬಿಳಿ ಬಿಳಿ ಸೋರುತ್ತೆ, ಪ್ಯಾಡ್ ಬೇಕು. ಕಿರಿಕಿರಿಯೇ, ಅಲ್ವಾ? ಆದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಗರ್ಭಿಣಿಯರಿಗೂ 7 ದಿನ ಕೊಡುತ್ತಾರೆ. ಅಷ್ಟು ದಿನ ಗಂಡ ಹೆಂಡತಿ ದೂರವಿದ್ದರೆ ಒಳ್ಳೆಯದು. ಹಾಗಾಗಿ ಮಗುವಿನ ಪ್ರಯತ್ನಕ್ಕೆ ಆ ತಿಂಗಳು ಕೈತಪ್ಪಲೂಬಹುದು.

ಮೊಸರು ಹಚ್ಚೋದಾ? ಅದು ಊಟಕ್ಕೇ ಇರಲಿ. ಪದೇಪದೇ ಬಂದರೆ ಸಕ್ಕರೆ ಪರೀಕ್ಷೆ ಮಾಡಿಸು.